ಧ್ವನಿಸುರುಳಿಯಲ್ಲಿ ಸಂವಿಧಾನ ಪಾಠ

ಅಮೆರಿಕದ ಸಂವಿಧಾನ ತೀರಾ ಚಿಕ್ಕದು. ತಿದ್ದುಪಡಿಗಳನ್ನು ಬಿಟ್ಟರೆ ಒಟ್ಟು ಏಳೇ ವಿಧಿಗಳು. ಮನಸ್ಸು ಮಾಡಿದರೆ ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಅಧ್ಯಕ್ಷರಿಗೆ ಏನು ಅಧಿಕಾರ, ಕಾಂಗ್ರೆಸ್ಸಿಗೆ ಏನು ಅಧಿಕಾರ, ನ್ಯಾಯಾಲಯ ಎಲ್ಲಿ ಅಡ್ಡ ನಿಲ್ಲಬಹುದು ಎಂಬ ನಕ್ಷೆ ಅಷ್ಟರಲ್ಲೇ ಸಿಕ್ಕಿಬಿಡುತ್ತದೆ. ಆದರೆ ಅಧ್ಯಕ್ಷರೊಬ್ಬರು ನಡುಗುವ ಮನಸ್ಸಿನಿಂದ ಹಳೆಯ ಸ್ನೇಹಿತನಿಗೆ ಫೋನ್ ಮಾಡಿ, ಯುದ್ಧಕ್ಕೆ ಹೋಗಲೋ ಬೇಡವೋ ಎಂದು ಕೇಳುವ ಗಳಿಗೆ ಆ ನಕ್ಷೆಯಲ್ಲಿಲ್ಲ. ಅದು ಇರುವುದು ಧ್ವನಿಸುರುಳಿಯಲ್ಲಿ.

ಅಮೆರಿಕದ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಕಲಿಸುವ ಅನೇಕ ಅಧ್ಯಾಪಕರು ಇಂದು ಪಠ್ಯಪುಸ್ತಕದ ಜೊತೆಗೆ ಹಳೆಯ ಧ್ವನಿಮುದ್ರಣ ಹಾಗೂ ಚಿತ್ರಸುರುಳಿಗಳನ್ನೂ ಬಳಸುತ್ತಾರೆ. ಅದಕ್ಕೆ ಬೇಕಾದ ಸಾಮಗ್ರಿ ಆ ದೇಶದಲ್ಲಿರುವಷ್ಟು ಬೇರೆಡೆ ಸಿಗುವುದು ಕಷ್ಟ. 1940ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಿಂದ ಹಿಡಿದು 1973ರಲ್ಲಿ ರಿಚರ್ಡ್ ನಿಕ್ಸನ್ ಅವರವರೆಗೆ ಸತತ ಆರು ಅಧ್ಯಕ್ಷರು ತಮ್ಮ ಕೆಲವು ಮಾತುಕತೆಗಳನ್ನಾದರೂ ಗುಟ್ಟಾಗಿ ಧ್ವನಿಮುದ್ರಿಸಿಕೊಂಡರು. ನಿಕ್ಸನ್ ಅವರದೇ ಸುಮಾರು 3,700 ಗಂಟೆಗಳಷ್ಟಿದೆ! ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 1968ರ ಆಗಸ್ಟ್‌ನಿಂದ ಟಿವಿ ಜಾಲಗಳ ರಾತ್ರಿಯ ವಾರ್ತೆಗಳನ್ನು ಸಂಗ್ರಹಿಸಿಡುತ್ತ ಬಂದಿದೆ. ಸುಪ್ರೀಂ ಕೋರ್ಟ್ 1955ರ ಅಕ್ಟೋಬರ್‌ನಿಂದಲೇ ವಕೀಲರ ವಾದಗಳನ್ನು ಟೇಪ್ ಮಾಡಿಟ್ಟಿದೆ.

ರೇಡಿಯೋದಲ್ಲಿ ಬ್ಯಾಂಕಿನ ಪಾಠ

ಇಂಥ ಪಾಠಗಳನ್ನು ಆರಂಭಿಸಲು 1933ರ ಮಾರ್ಚ್ 12 ಒಳ್ಳೆಯ ದಿನ. ಅಂದು ಭಾನುವಾರ ರಾತ್ರಿ ಅಧ್ಯಕ್ಷ ರೂಸ್‌ವೆಲ್ಟ್ ರೇಡಿಯೋ ಮುಂದೆ ಕೂತು ಹದಿನೈದು ನಿಮಿಷದೊಳಗೆ ಮಾತು ಮುಗಿಸಿದರು. ಅಧಿಕಾರ ವಹಿಸಿಕೊಂಡು ಎಂಟೇ ದಿನವಾಗಿತ್ತು. ಜನ ಗಾಬರಿಯಿಂದ ಠೇವಣಿ ಹಿಂತೆಗೆಯುತ್ತಿದ್ದುದರಿಂದ ದೇಶದ ಬ್ಯಾಂಕುಗಳಿಗೆಲ್ಲ ಬೀಗ ಹಾಕಿಸಲಾಗಿತ್ತು. ನೀವಿಟ್ಟ ಹಣವನ್ನು ಬ್ಯಾಂಕು ಪೆಟ್ಟಿಗೆಯಲ್ಲಿ ಕೂಡಿಡುವುದಿಲ್ಲ, ಸಾಲವಾಗಿ ಕೊಟ್ಟಿರುತ್ತದೆ ಎಂಬಲ್ಲಿಂದ ಅವರು ಶುರು ಮಾಡಿದರು. ಮತ್ತೆ ತೆರೆಯುವ ಬ್ಯಾಂಕಿನಲ್ಲಿ ಹಣ ಇಡುವುದು ಹಾಸಿಗೆಯಡಿ ಬಚ್ಚಿಡುವುದಕ್ಕಿಂತ ಕ್ಷೇಮ ಎಂದರು. ಮರುದಿನದಿಂದ ಬ್ಯಾಂಕುಗಳು ತೆರೆದಾಗ ಜನ ಸಾಲುಗಟ್ಟಿದ್ದು ಹಣ ತೆಗೆಯುವುದಕ್ಕಲ್ಲ, ಹಿಂದಿರುಗಿಸುವುದಕ್ಕೆ. ಮುಂದೆ ಇಂಥ ಭಾಷಣಗಳಿಗೆ 'ಅಗ್ಗಿಷ್ಟಿಕೆ ಬದಿಯ ಮಾತು' ಎಂಬ ಹೆಸರೇ ಅಂಟಿಕೊಂಡಿತು. ಹನ್ನೆರಡು ವರ್ಷಗಳಲ್ಲಿ ರೂಸ್‌ವೆಲ್ಟ್ ಸುಮಾರು ಮೂವತ್ತು ಸಲ ಹೀಗೆ ಮಾತಾಡಿದರು.

ಇದರಲ್ಲಿ ಸರ್ಕಾರದ ಪಾಠ ಎಲ್ಲಿದೆ? ಅಧ್ಯಕ್ಷರು ಜನರೊಡನೆ ನೇರವಾಗಿ ಮಾತಾಡಬೇಕೆಂದು ಸಂವಿಧಾನ ಎಲ್ಲೂ ಹೇಳಿಲ್ಲ. ಆಗಾಗ್ಗೆ ಕಾಂಗ್ರೆಸ್ಸಿಗೆ ದೇಶದ ಸ್ಥಿತಿ ತಿಳಿಸಬೇಕು ಎಂದಷ್ಟೇ ಅದು ಹೇಳುತ್ತದೆ. 1801ರಲ್ಲಿ ಥಾಮಸ್ ಜೆಫರ್‌ಸನ್ ಆ ವರದಿಯನ್ನೂ ಬರೆದು ಕಳಿಸಿ ಸುಮ್ಮನಾದರು. ಸದನಕ್ಕೆ ಹೋಗಿ ಓದುವ ಪದ್ಧತಿ ಮತ್ತೆ ಆರಂಭವಾದದ್ದು 1913ರಲ್ಲಿ, ವುಡ್ರೊ ವಿಲ್ಸನ್ ಕಾಲದಲ್ಲಿ. ಕಾಂಗ್ರೆಸ್ಸಿನ ತಲೆಯ ಮೇಲಿಂದ ಹಾದು ನೇರ ಮನೆಯೊಳಗೆ ಹೋಗುವ ದಾರಿ ಅಧ್ಯಕ್ಷರಿಗೆ ರೇಡಿಯೋದಿಂದ ತೆರೆಯಿತು. ಯಾವ ತಿದ್ದುಪಡಿಯೂ ಇಲ್ಲದೆ ಆ ಹುದ್ದೆಯ ಬಲ ಹೆಚ್ಚಿತು. ಇದರ ಇನ್ನೊಂದು ಮುಖವನ್ನೂ ವಿದ್ಯಾರ್ಥಿಗಳ ಮುಂದಿಡಬೇಕು. ಆ ಭಾಷಣದ ಹಿಂದಿದ್ದ ತುರ್ತು ಬ್ಯಾಂಕಿಂಗ್ ಮಸೂದೆ ಮಾರ್ಚ್ 9ರಂದು ಒಂದೇ ದಿನದಲ್ಲಿ ಎರಡೂ ಸದನಗಳನ್ನು ದಾಟಿತ್ತು. ಪ್ರತಿನಿಧಿ ಸಭೆಯ ಸದಸ್ಯರ ಕೈಗೆ ಮುದ್ರಿತ ಪ್ರತಿಯೂ ಬಂದಿರಲಿಲ್ಲ. ವ್ಯವಸ್ಥೆ ಕೆಲಸ ಮಾಡಿದ್ದಕ್ಕೆ ಇದು ಉದಾಹರಣೆಯೋ, ಸೋತದ್ದಕ್ಕೋ ಎಂದು ಕೇಳಿದರೆ ತರಗತಿ ಎರಡು ಪಾಲಾಗುವುದು ಖಂಡಿತ.

ಫೋನಿನ ಆ ತುದಿ, ಈ ತುದಿ

ಆದರೆ ಭಾಷಣ ಎಷ್ಟಾದರೂ ಭಾಷಣವೇ. ಬರೆದುಕೊಂಡು, ತಿದ್ದಿಕೊಂಡು ಓದಿದ್ದು. ಫೋನಿನ ಮಾತು ಹಾಗಲ್ಲ. ಈ ದೃಷ್ಟಿಯಿಂದ ಲಿಂಡನ್ ಜಾನ್‌ಸನ್ ಅವರ ಧ್ವನಿಸುರುಳಿಗಳಿಗೆ ಸಾಟಿಯಿಲ್ಲ. ತಾವು ಸತ್ತು ಐವತ್ತು ವರ್ಷ ಇವನ್ನು ತೆರೆಯಬಾರದೆಂದು ಅವರು ಬಯಸಿದ್ದರು. ಅವರು ತೀರಿಕೊಂಡದ್ದು 1973ರ ಜನವರಿಯಲ್ಲಿ. ಅವರ ಮಾತು ನಡೆದಿದ್ದರೆ 2023ರವರೆಗೂ ಯಾರೂ ಕೇಳುವಂತಿರಲಿಲ್ಲ. ಟೆಕ್ಸಾಸ್‌ನಲ್ಲಿರುವ ಅವರದೇ ಗ್ರಂಥಾಲಯ, ಸುರುಳಿಗಳು ಅಷ್ಟರಲ್ಲಿ ಹಾಳಾದಾವೆಂಬ ಆತಂಕದಿಂದ 1990ರ ದಶಕದಲ್ಲೇ ಅವನ್ನು ತೆರೆಯತೊಡಗಿತು.

1964ರ ಮೇ 27ರ ಕರೆಯನ್ನು ನೋಡಿ. ಫೋನಿನ ಆ ತುದಿಯಲ್ಲಿದ್ದವರು ಜಾರ್ಜಿಯಾದ ಸೆನೆಟರ್ ರಿಚರ್ಡ್ ರಸೆಲ್. ಸೆನೆಟ್‌ನ ಸೇನಾ ವ್ಯವಹಾರ ಸಮಿತಿಯ ಅಧ್ಯಕ್ಷರು, ಜಾನ್‌ಸನ್ ಅವರಿಗೆ ರಾಜಕೀಯದಲ್ಲಿ ಗುರುವಿನಂತಿದ್ದವರು. ವಿಯೆಟ್ನಾಂ ವಿಷಯ ಬರುತ್ತದೆ. ಅಲ್ಲಿ ಸಿಕ್ಕಿಕೊಂಡರೆ ಹೊರಬರುವುದು ಕಷ್ಟ ಎಂಬುದು ಇಬ್ಬರಿಗೂ ಗೊತ್ತು. ತಮ್ಮ ಮನೆಯಲ್ಲಿ ಕೆಲಸ ಮಾಡುವ, ಆರು ಮಕ್ಕಳ ತಂದೆಯಾದ ಒಬ್ಬ ಸಾರ್ಜೆಂಟ್‌ನ ಬಗ್ಗೆ ಜಾನ್‌ಸನ್ ಹೇಳುತ್ತಾರೆ. ಇಂಥವನನ್ನು ಅಲ್ಲಿಗೆ ಕಳಿಸುವುದಾದರೂ ಏತಕ್ಕಾಗಿ ಎಂದು ಯೋಚಿಸಿದರೆ ಮೈ ನಡುಗುತ್ತದೆ ಎನ್ನುತ್ತಾರೆ. ಹಾಗೆಂದು ಬಿಟ್ಟು ಬಂದರೆ? ಅಧ್ಯಕ್ಷನ ಮೇಲೆ ಮಹಾಭಿಯೋಗವನ್ನೇ ಹೂಡಿಬಿಟ್ಟಾರು ಎಂಬ ಭಯ.

ಕೇಳುವವರಿಗೆ ಮುಂದಿನ ಕಥೆ ಗೊತ್ತು. ಮಾತಾಡುತ್ತಿರುವ ಇಬ್ಬರಿಗೆ ಗೊತ್ತಿಲ್ಲ. ಈ ಧ್ವನಿ ಎದೆಗೆ ನಾಟುವುದು ಅದರಿಂದಲೇ. ಎರಡೂವರೆ ತಿಂಗಳು ಕಳೆಯುವುದರೊಳಗೆ, ಆಗಸ್ಟ್ 7ರಂದು, ಟಾಂಕಿನ್ ಕೊಲ್ಲಿಯ ನಿರ್ಣಯ ಬಂತು. ಪ್ರತಿನಿಧಿ ಸಭೆಯಲ್ಲಿ ಪರವಾಗಿ 416 ಮತ, ವಿರುದ್ಧ ಸೊನ್ನೆ. ಸೆನೆಟ್‌ನಲ್ಲಿ 88 ಮತ್ತು 2. ರಸೆಲ್ ಕೂಡ ಪರವಾಗಿಯೇ ಮತ ಹಾಕಿದರು. ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು ಎಂದು ಸಂವಿಧಾನದ ಮೊದಲ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆ ಅಧಿಕಾರ ಕೈಬದಲಾದದ್ದು ಹೇಗೆ ಎಂಬುದನ್ನು ಅರಿಯಲು ಮತಗಳ ಲೆಕ್ಕದೊಡನೆ ಈ ಕರೆಯನ್ನೂ ಇಟ್ಟು ಕೇಳಬೇಕು. ಆ ಯುದ್ಧದಲ್ಲಿ ಸತ್ತ ಅಮೆರಿಕನ್ನರೇ 58,000ಕ್ಕೂ ಹೆಚ್ಚು. ಸತ್ತ ವಿಯೆಟ್ನಾಮಿಯರ ಸಂಖ್ಯೆ ಅದರ ಎಷ್ಟೋ ಪಟ್ಟು. 1973ರ ನವೆಂಬರ್‌ನಲ್ಲಿ ಕಾಂಗ್ರೆಸ್ಸು ನಿಕ್ಸನ್ ಅವರ ನಿರಾಕರಣೆಯನ್ನು ಮೀರಿ ಯುದ್ಧಾಧಿಕಾರ ನಿರ್ಣಯವನ್ನು ಅಂಗೀಕರಿಸಿತು. ಕಳೆದುಕೊಂಡದ್ದನ್ನು ಮರಳಿ ಪಡೆಯುವ ಪ್ರಯತ್ನವದು. ಅದು ಎಷ್ಟು ಫಲಿಸಿತು ಎಂಬ ವಾದ ಇನ್ನೂ ಮುಗಿದಿಲ್ಲ.

ಇಲ್ಲೊಂದು ಎಚ್ಚರವೂ ಬೇಕು. ಯಂತ್ರ ಓಡುತ್ತಿದೆಯೆಂಬುದು ಜಾನ್‌ಸನ್ ಅವರಿಗೆ ಗೊತ್ತಿತ್ತು. ಆ ತುದಿಯಲ್ಲಿದ್ದವರಿಗೆ ಸಾಮಾನ್ಯವಾಗಿ ಗೊತ್ತಿರುತ್ತಿರಲಿಲ್ಲ. ಹಾಗಿದ್ದ ಮೇಲೆ ಅಧ್ಯಕ್ಷರ ಮಾತಿನಲ್ಲಿ ಎಷ್ಟು ಪಾಲು ಮನಸ್ಸಿನದು, ಎಷ್ಟು ಪಾಲು ಚರಿತ್ರೆಗೆಂದು ಆಡಿದ್ದು? ವಿದ್ಯಾರ್ಥಿ ಈ ಪ್ರಶ್ನೆಯನ್ನು ತಾನಾಗಿ ಕೇಳಿದರೆ ಆ ದಿನದ ಪಾಠ ಅರ್ಧ ಗೆದ್ದಂತೆಯೇ.

ಹದಿನೆಂಟೂವರೆ ನಿಮಿಷದ ಗುಂಯ್

ನಿಕ್ಸನ್ ಪ್ರಕರಣದಲ್ಲಂತೂ ಟೇಪೇ ಸಂವಿಧಾನದ ಪ್ರಶ್ನೆಯಾಗಿಬಿಟ್ಟಿತು. 1971ರ ಫೆಬ್ರುವರಿಯಲ್ಲಿ ಅವರ ಕಚೇರಿಯಲ್ಲಿ ಮೈಕುಗಳನ್ನು ಅಡಗಿಸಿಡಲಾಯಿತು. ಯಾರು ಬಾಯಿ ತೆರೆದರೂ ಯಂತ್ರ ತಾನಾಗಿ ಓಡುತ್ತಿತ್ತು. 1973ರ ಜುಲೈ 16ರಂದು ಅಲೆಕ್ಸಾಂಡರ್ ಬಟರ್‌ಫೀಲ್ಡ್ ಎಂಬ ಮಾಜಿ ಸಹಾಯಕ ವಾಟರ್‌ಗೇಟ್ ತನಿಖೆ ನಡೆಸುತ್ತಿದ್ದ ಸೆನೆಟ್ ಸಮಿತಿಯ ಮುಂದೆ, ಟಿವಿ ಕ್ಯಾಮರಾಗಳ ಎದುರೇ, ಈ ಗುಟ್ಟನ್ನು ಹೊರಹಾಕಿದರು. ಅಲ್ಲಿಂದ ಒಂದು ವರ್ಷ ಆ ಸುರುಳಿಗಳಿಗಾಗಿ ಹಗ್ಗಜಗ್ಗಾಟ. ಸುರುಳಿಗಳನ್ನು ಕೇಳಿದ ವಿಶೇಷ ಪ್ರಾಸಿಕ್ಯೂಟರ್ ಆರ್ಚಿಬಾಲ್ಡ್ ಕಾಕ್ಸ್ ಅಕ್ಟೋಬರ್ 20ರಂದು ವಜಾ ಆದರು. ಆ ಕೆಲಸ ಮಾಡಲೊಪ್ಪದೆ ಅಟಾರ್ನಿ ಜನರಲ್ ಎಲಿಯಟ್ ರಿಚರ್ಡ್‌ಸನ್ ರಾಜೀನಾಮೆಯನ್ನೇ ಕೊಟ್ಟಿದ್ದರು.

ಒತ್ತಡ ತಾಳದೆ ಶ್ವೇತಭವನ 1974ರ ಏಪ್ರಿಲ್ ಕೊನೆಯಲ್ಲಿ ಮಾತುಕತೆಗಳ ಬರಹರೂಪವನ್ನು, ಅದೂ ತಾನೇ ಸಂಪಾದಿಸಿ, ಪ್ರಕಟಿಸಿತು. ಸಾವಿರಕ್ಕೂ ಹೆಚ್ಚು ಪುಟ. ಬೈಗುಳವಿದ್ದಲ್ಲಿ 'ಅಶ್ಲೀಲ ಪದ ತೆಗೆದಿದೆ' ಎಂಬ ಟಿಪ್ಪಣಿ. ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿ ತನ್ನ ಬಳಿಯಿದ್ದ ಸುರುಳಿಗಳನ್ನು ಕೇಳಿ ಬೇರೆಯೇ ಬರಹ ಸಿದ್ಧಪಡಿಸಿದಾಗ ಎರಡಕ್ಕೂ ಹಲವೆಡೆ ತಾಳೆಯಾಗಲಿಲ್ಲ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಟೇಪ್ ಹಾಕಿದರೆ ಸಾಕು, ದಾಖಲೆಯೆಂದರೇನು ಎಂಬುದಕ್ಕೆ ಬೇರೆ ಉಪನ್ಯಾಸ ಬೇಕಿಲ್ಲ.

ಜುಲೈ 24ರಂದು ಸುಪ್ರೀಂ ಕೋರ್ಟ್ 8-0 ತೀರ್ಪು ಕೊಟ್ಟಿತು: ಅಧ್ಯಕ್ಷರಿಗೆ ಗೋಪ್ಯತೆಯ ವಿಶೇಷಾಧಿಕಾರ ಉಂಟು, ಆದರೆ ಕ್ರಿಮಿನಲ್ ವಿಚಾರಣೆಗೆ ಬೇಕಾದ ಸಾಕ್ಷ್ಯವನ್ನು ಅದರ ಹೆಸರಿನಲ್ಲಿ ತಡೆಹಿಡಿಯುವಂತಿಲ್ಲ. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್, ನಿಕ್ಸನ್ ಅವರೇ ನೇಮಿಸಿದವರು. ಆಗಸ್ಟ್ 5ರಂದು ಹೊರಬಂದ ಸುರುಳಿಯಲ್ಲಿ 1972ರ ಜೂನ್ 23ರ ಮಾತು ಇತ್ತು. ಎಫ್‌ಬಿಐ ತನಿಖೆಯನ್ನು ಸಿಐಎ ಮೂಲಕ ನಿಲ್ಲಿಸುವ ಉಪಾಯಕ್ಕೆ ಅಧ್ಯಕ್ಷರು ಒಪ್ಪಿದ್ದು ಅದರಲ್ಲಿ ಸ್ಪಷ್ಟವಾಗಿ ಕೇಳಿಸಿತು. ನಾಲ್ಕೇ ದಿನದಲ್ಲಿ ನಿಕ್ಸನ್ ಹುದ್ದೆ ಬಿಟ್ಟರು.

ಏನೂ ಕೇಳಿಸದ ಸುರುಳಿಯೂ ಒಂದಿದೆ. ವಾಟರ್‌ಗೇಟ್ ಕಟ್ಟಡಕ್ಕೆ ಕಳ್ಳರು ನುಗ್ಗಿದ ಮೂರೇ ದಿನಕ್ಕೆ, ಜೂನ್ 20ರಂದು ನಡೆದ ಮಾತಿನಲ್ಲಿ ಹದಿನೆಂಟೂವರೆ ನಿಮಿಷ ಬರೀ ಗುಂಯ್‌ಗುಡುವ ಸದ್ದು. ಕೈತಪ್ಪಿನಿಂದ ಒಂದಿಷ್ಟು ಅಳಿಸಿಹೋಗಿರಬಹುದು ಎಂದರು ಕಾರ್ಯದರ್ಶಿ ರೋಸ್ ಮೇರಿ ವುಡ್ಸ್. ಕನಿಷ್ಠ ಐದು ಸಲ ಬೇರೆ ಬೇರೆಯಾಗಿ ಅಳಿಸಲಾಗಿದೆ ಎಂದಿತು ತಜ್ಞರ ಸಮಿತಿ. ಅಳಿಸಿದವರು ಯಾರೆಂದು ಈವರೆಗೂ ತೀರ್ಮಾನವಾಗಿಲ್ಲ. ಒಂದೆರಡು ನಿಮಿಷ ಆ ಸದ್ದನ್ನು ಕೇಳಿಸಿದರೆ ಗದ್ದಲದ ತರಗತಿಯೂ ತಣ್ಣಗಾದೀತು!

ಕಟಕಟೆಯ ಮಾತು

ನ್ಯಾಯಾಲಯದ ಸುರುಳಿಗಳಲ್ಲಿ ಇಂಥ ರೋಚಕತೆ ಕಡಿಮೆ, ತರ್ಕ ಹೆಚ್ಚು. 1967ರ ಏಪ್ರಿಲ್ 10ರ ವಾದವನ್ನು ಮಾತ್ರ ಯಾರೂ ಮರೆಯಲಾರರು. ಬಿಳಿಯ ರಿಚರ್ಡ್ ಲವಿಂಗ್, ಕರಿಯ ಹೆಂಡತಿ ಮಿಲ್ಡ್ರೆಡ್. ಅವರ ಮದುವೆ ವರ್ಜೀನಿಯಾದಲ್ಲಿ ಅಪರಾಧವಾಗಿತ್ತು. ಸಮಾನತೆ, ಸ್ವಾತಂತ್ರ್ಯ ಎಂದೆಲ್ಲ ವಾದಿಸುತ್ತ ಬಂದ ವಕೀಲರು ನಡುವೆ ತಮ್ಮ ಕಕ್ಷಿದಾರ ಹೇಳಿ ಕಳಿಸಿದ್ದ ಮಾತನ್ನು ನ್ಯಾಯಮೂರ್ತಿಗಳಿಗೆ ಮುಟ್ಟಿಸುತ್ತಾರೆ: ತನಗೆ ಹೆಂಡತಿಯ ಮೇಲೆ ಪ್ರೀತಿ, ಅವಳೊಡನೆ ವರ್ಜೀನಿಯಾದಲ್ಲಿ ಬಾಳಲಾಗದಿರುವುದು ಅನ್ಯಾಯ, ಅಷ್ಟೇ. ಜೂನ್ 12ರಂದು ನ್ಯಾಯಾಲಯ ಅವರ ಪರ ಸರ್ವಾನುಮತದ ತೀರ್ಪಿತ್ತಿತು. ತೀರ್ಪಿನ ಪುಟಗಳಲ್ಲಿ ಕಾಣುವುದು ಕಾನೂನು. ಆ ಮನುಷ್ಯ ಸಿಗುವುದು ಟೇಪಿನಲ್ಲಿ.

ನಮ್ಮವರಿಗೆ ಹೊಟ್ಟೆಕಿಚ್ಚಾಗಬೇಕಾದ ಸಂಗತಿ ಇದು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಹೆಸರಿನಲ್ಲಿ ನಡೆದ ಪ್ರಕರಣವೇ ಭಾರತ ಸಂವಿಧಾನದ 'ಮೂಲ ಸ್ವರೂಪ' ಸಿದ್ಧಾಂತಕ್ಕೆ ಜನ್ಮ ಕೊಟ್ಟದ್ದು. 13 ನ್ಯಾಯಮೂರ್ತಿಗಳು 68 ದಿನ ಕೇಳಿದ ಆ ವಾದಗಳ ಧ್ವನಿ ಮಾತ್ರ ಇಂದು ಯಾರಿಗೂ ಕೇಳಸಿಗದು. ಭಾರತದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಕಲಾಪಗಳ ನೇರ ಪ್ರಸಾರ ನಿಯಮಿತವಾಗಿ ಆರಂಭವಾದದ್ದು 2022ರ ಸೆಪ್ಟೆಂಬರ್‌ನಲ್ಲಿ. ಆ ಮಟ್ಟಿಗೆ ನಾವು ಈಗ ಅಮೆರಿಕಕ್ಕಿಂತ ಮುಂದೆ. ಅಲ್ಲಿನ ಸುಪ್ರೀಂ ಕೋರ್ಟಿಗೆ ಇನ್ನೂ ಕ್ಯಾಮರಾ ಪ್ರವೇಶವಿಲ್ಲ. ಧ್ವನಿಯ ನೇರ ಪ್ರಸಾರ ಕೂಡ ಶುರುವಾದದ್ದು ಕೋವಿಡ್ ಕಾಲದ 2020ರ ಮೇ ತಿಂಗಳಲ್ಲಿ.

ಕ್ಯಾಮರಾ ಯಾರ ಕೈಯಲ್ಲಿ?

ಚಿತ್ರ ಇದ್ದರೆ ಧ್ವನಿಗಿಂತ ಹೆಚ್ಚು ಸತ್ಯ ಸಿಗುತ್ತದೆ ಎಂದುಕೊಂಡರೆ ಮೋಸ ಹೋದಂತೆ. 1960ರ ಸೆಪ್ಟೆಂಬರ್ 26ರ ಕೆನಡಿ-ನಿಕ್ಸನ್ ಚರ್ಚೆಯನ್ನು ರೇಡಿಯೋದಲ್ಲಿ ಕೇಳಿದವರು ನಿಕ್ಸನ್ ಗೆದ್ದರೆಂದರು, ಟಿವಿಯಲ್ಲಿ ನೋಡಿದವರು ಕೆನಡಿ ಗೆದ್ದರೆಂದರು ಎಂಬ ಕಥೆ ಎಲ್ಲರ ಬಾಯಲ್ಲಿದೆ. ಅದಕ್ಕಿರುವ ಸಮೀಕ್ಷೆಯ ಆಧಾರ ತೀರ ತೆಳು ಎಂದು ಸಂಶೋಧಕರು 1980ರ ದಶಕದಲ್ಲೇ ತೋರಿಸಿದ್ದರು. 2003ರಲ್ಲಿ ಜೇಮ್ಸ್ ಡ್ರಕ್‌ಮನ್ ಎಂಬ ರಾಜ್ಯಶಾಸ್ತ್ರಜ್ಞರು ಆ ಚರ್ಚೆಯ ಹಿನ್ನೆಲೆ ತಿಳಿಯದವರನ್ನು ಆರಿಸಿ, ಕೆಲವರಿಗೆ ಧ್ವನಿ ಮಾತ್ರ, ಕೆಲವರಿಗೆ ಚಿತ್ರವನ್ನೂ ಕೊಟ್ಟು ಪರೀಕ್ಷಿಸಿದರು. ಚಿತ್ರ ನೋಡಿದವರೇ ಕೆನಡಿ ಕಡೆ ಹೆಚ್ಚು ವಾಲಿದರು. ಆಧಾರ ತೆಳುವಾಗಿದ್ದ ಕಥೆಯಲ್ಲಿ ಹುರುಳಿಲ್ಲದಿರಲಿಲ್ಲ ಎಂದಾಯಿತು. ಈ ಪ್ರಯೋಗವನ್ನು ಯಾವ ತರಗತಿಯೂ ಖರ್ಚಿಲ್ಲದೆ ಮತ್ತೆ ಮಾಡಿ ನೋಡಬಹುದು. ಇನ್ನು ಧ್ವನಿಯನ್ನೇ ಸೃಷ್ಟಿಸುವ ಯಂತ್ರಗಳು ಬಂದಿರುವ ಕಾಲವಿದು. 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ಮತದಾರರಿಗೆ ಅಧ್ಯಕ್ಷ ಬೈಡನ್ ಅವರ ನಕಲಿ ಧ್ವನಿಯಲ್ಲಿ ಫೋನ್ ಕರೆಗಳು ಹೋಗಿದ್ದವು. ಸುರುಳಿ ಎಲ್ಲಿಂದ ಬಂತು, ಯಾರ ವಶದಲ್ಲಿತ್ತು ಎಂದು ವಿಚಾರಿಸುವುದು ಹಿಂದೆ ಪತ್ರಾಗಾರದವರ ಕೆಲಸವಾಗಿತ್ತು, ಈಗ ಪ್ರತಿ ವಿದ್ಯಾರ್ಥಿಯದೂ ಹೌದು.

ಪ್ರತಿನಿಧಿ ಸಭೆಯ ಕಲಾಪ 1979ರ ಮಾರ್ಚ್ 19ರಿಂದ ಟಿವಿಯಲ್ಲಿ ಬರುತ್ತಿದೆ, ಸೆನೆಟ್‌ನದು 1986ರ ಜೂನ್‌ನಿಂದ. ಸಿ-ಸ್ಪ್ಯಾನ್ ವಾಹಿನಿ ಅದನ್ನು ಪ್ರಸಾರ ಮಾಡುತ್ತದೆ ನಿಜ, ಆದರೆ ಸದನದೊಳಗಿನ ಕ್ಯಾಮರಾ ಅದರದಲ್ಲ, ಸದನದ್ದೇ. ದಿನದ ಕೆಲಸ ಮುಗಿದ ಮೇಲೆ ನ್ಯೂಟ್ ಗಿಂಗ್ರಿಚ್ ಮತ್ತು ಅವರ ಸಂಗಡಿಗರು ಡೆಮಾಕ್ರಟರಿಗೆ ಸವಾಲು ಹಾಕುತ್ತ ಆವೇಶದಿಂದ ಮಾತಾಡುತ್ತಿದ್ದರು. ಎದುರು ಪಕ್ಷದವರು ಉತ್ತರವಿಲ್ಲದೆ ಕೂತಿದ್ದಾರೆಂದು ನೋಡುಗರಿಗೆ ಅನ್ನಿಸುತ್ತಿತ್ತು. 1984ರ ಮೇ ತಿಂಗಳಲ್ಲಿ ಸ್ಪೀಕರ್ ಟಿಪ್ ಓನೀಲ್ ಕ್ಯಾಮರಾವನ್ನು ಸುತ್ತಲೂ ತಿರುಗಿಸಲು ಹೇಳಿದರು. ಕುರ್ಚಿಗಳೆಲ್ಲ ಖಾಲಿ! ರಿಪಬ್ಲಿಕನ್ನರು ಕೆರಳಿದರು. ಆ ವಾಗ್ವಾದದಲ್ಲಿ ಓನೀಲ್ ಆಡಿದ ಮಾತು ನಿಯಮ ಮೀರಿತೆಂದು ಸ್ಪೀಕರ್ ಮಾತಿಗೇ ಆಕ್ಷೇಪ ದಾಖಲಾಯಿತು.

2023ರ ಜನವರಿಯಲ್ಲಿ ಸ್ಪೀಕರ್ ಆಯ್ಕೆಗೆ 15 ಸುತ್ತು ಮತದಾನ ಬೇಕಾಯಿತು. ಹೊಸ ಸದನದ ನಿಯಮಗಳಿನ್ನೂ ಅಂಗೀಕಾರವಾಗಿರಲಿಲ್ಲ. ಸಿ-ಸ್ಪ್ಯಾನ್‌ನ ಸ್ವಂತ ಕ್ಯಾಮರಾಗಳು ಆ ನಾಲ್ಕು ದಿನ ಸದನದ ಮೂಲೆಮೂಲೆಗೂ ಕಣ್ಣು ಹಾಯಿಸಿದವು. ಯಾರು ಯಾರ ಕಿವಿಯಲ್ಲಿ ಪಿಸುಗುಟ್ಟಿದರು, ಯಾರ ಮೇಲೆ ಯಾರು ಎಗರಿ ಹೋದರು, ಯಾರು ಹಿಡಿದು ಎಳೆದರು ಎಂಬುದೆಲ್ಲ ಜನರಿಗೆ ಕಂಡಿತು. ಕೆವಿನ್ ಮೆಕಾರ್ಥಿ ಸ್ಪೀಕರ್ ಆದರು, ನಿಯಮಗಳು ಬಂದವು. ಕ್ಯಾಮರಾ ಎಂದಿನಂತೆ ವೇದಿಕೆಯ ಕಡೆ ಮುಖ ಮಾಡಿ ನಿಂತಿತು.