ದೇವರನ್ನೊಪ್ಪದವನ ಕ್ರಿಸ್‌ಮಸ್

ಮೊಹರಮ್ ಬಂದಿತೆಂದರೆ ನಮ್ಮ ವಿಜಯಪುರ ಸೀಮೆಯ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದುಗಳೇ ಎಷ್ಟೋ ಮಂದಿ. ಮುಸಲ್ಮಾನರ ಮನೆಯೊಂದೂ ಇಲ್ಲದ ಊರುಗಳಲ್ಲಿಯೂ ಪೀರ ದೇವರು ಕೂಡ್ರುವುದುಂಟು. ನನ್ನ ಕಾಖಂಡಕಿಯಂತೂ ಮಹಿಪತಿದಾಸರ ಊರು. ಆದಿಲಶಾಹಿ ದರಬಾರಿನ ಅಧಿಕಾರವನ್ನು ಬಿಟ್ಟುಬಂದರೆಂದು ಪ್ರತೀತಿಯುಳ್ಳ ಆ 17ನೆಯ ಶತಮಾನದ ದಾಸರು ಕನ್ನಡದೊಡನೆ ಹಿಂದುಸ್ತಾನಿಯಲ್ಲಿಯೂ ಪದಗಳನ್ನು ಹಾಡಿದರು. ಇಂಥ ಮಣ್ಣಿನವನಿಗೆ ಪರರ ಹಬ್ಬದ ಹೊಸ್ತಿಲು ದಾಟುವುದು ದೊಡ್ಡ ಸಾಹಸವೇನಲ್ಲ.

ನನ್ನ ತೊಡಕು ಬೇರೆ. ಅಲಾಯಿ ಆಡುವವನು ನಂಬಿ ಆಡುತ್ತಾನೆ, ಹರಕೆ ಹೊರುತ್ತಾನೆ. ನಾನು ಯಾವ ದೇವರನ್ನೂ ನಂಬಿದವನಲ್ಲ. ಆದರೂ ವಿಜಯಪುರದಲ್ಲಿ ಮನೆ ಮಾಡಿದಂದಿನಿಂದ ಡಿಸೆಂಬರ್ 25ರಂದು ನೆರೆಯ ಕ್ರೈಸ್ತರ ಮನೆಯಲ್ಲಿ ಕೇಕು ತಿಂದು ಬರುವುದು ವಾಡಿಕೆ. ಮಗಳು ಹಟ ಹಿಡಿದ ವರ್ಷದಿಂದ ನಮ್ಮ ಬಾಗಿಲಿಗೂ ಕಾಗದದ ನಕ್ಷತ್ರವೊಂದು ತೂಗತೊಡಗಿತು. ಆ ಸಲ ತಟ್ಟೆ ಕೊಡುತ್ತ ಆ ಮನೆಯ ಅಜ್ಜಿ ಕೇಳಿದರು: “ಮಾಸ್ತರ್ರ, ವರ್ಷಾ ಬರ್ತೀರಿ, ಭಾಳ ಸಂತೋಷ. ಚುಕ್ಕಿನೂ ಕಟ್ಟೀರಿ. ಅದು ಯಾರ ಸಲುವಾಗಿ ಅಂತ ಮಗಳಿಗೆ ಹೇಳೀರೇನ್ರಿ?”

ಉತ್ತರ ಹೊಳೆಯಲಿಲ್ಲ. ಪುಸ್ತಕಗಳ ಮೊರೆ ಹೊಕ್ಕೆ, ಮಾಸ್ತರರ ಚಾಳಿ! ಕ್ರಿಸ್ತನ ಜನನದ ತಾರೀಖು ಬೈಬಲಿನಲ್ಲಿಲ್ಲ. ಡಿಸೆಂಬರ್ 25ರ ಆಚರಣೆಗೆ ಮೊದಲ ದಾಖಲೆ ಸಿಗುವುದು 336ರ ರೋಮಿನಲ್ಲಿ. 1659ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನವರು ಹಬ್ಬ ಮಾಡಿದವರಿಗೆ ಐದು ಶಿಲಿಂಗ್ ದಂಡವನ್ನೇ ವಿಧಿಸಿದರು. ಆ ಕಾನೂನು ರದ್ದಾದದ್ದು 1681ರಲ್ಲಿ. ಹೀಗೆ ನಿಷೇಧಿಸಿದವರು ನಾಸ್ತಿಕರಲ್ಲ, ಕಟ್ಟಾ ಕ್ರೈಸ್ತರು! ಅದೇ ಅಮೆರಿಕದಲ್ಲಿ 2013ರಲ್ಲಿ ಪ್ಯೂ ಸಂಶೋಧನ ಕೇಂದ್ರದವರು ವಿಚಾರಿಸಿದಾಗ, ಯಾವ ಧರ್ಮಕ್ಕೂ ಸೇರೆವೆಂದವರಲ್ಲಿ ನೂರಕ್ಕೆ 87 ಮಂದಿ ಕ್ರಿಸ್‌ಮಸ್ ಆಚರಿಸುತ್ತಿದ್ದರು. ಆ ಸಂಸ್ಥೆಯ ಲೆಕ್ಕದಲ್ಲಿ ಅಲ್ಲಿಯ ಹಿಂದುಗಳಲ್ಲಿಯೂ ನೂರಕ್ಕೆ 73 ಮಂದಿ. ಅವರೊಳಗೆ ನಮ್ಮ ಕನ್ನಡದ ಮನೆಗಳೂ ಇದ್ದಿರಬೇಕು. ಕ್ರೈಸ್ತರು ನೂರಕ್ಕೆ ಒಬ್ಬರಷ್ಟಿರುವ ಜಪಾನಿನಲ್ಲಿ ಅದು ದೀಪ, ಕೇಕು, ಕರಿದ ಕೋಳಿಯ ಹಬ್ಬ.

ಈ ಅಂಕಿಗಳು ನನಗೆ ಸಂಗಾತಿಗಳನ್ನು ಕೊಟ್ಟವೇ ಹೊರತು ಉತ್ತರವನ್ನು ಕೊಡಲಿಲ್ಲ. ಅಜ್ಜಿ ಕೇಳಿದ್ದು ನನ್ನ ನಂಬಿಕೆಯನ್ನಲ್ಲ, ನಾನು ಯಾರ ಮನೆಯಲ್ಲಿ ಉಣ್ಣುತ್ತಿದ್ದೇನೆಂಬ ಅರಿವನ್ನು. ಆ ರಾತ್ರಿ ಮಗಳಿಗೆ ಗೋದಲಿಯ ಕಥೆ ಹೇಳಿದೆ, ಪುಣ್ಯಕೋಟಿಯ ಕಥೆಯನ್ನು ಹೇಳುವಂತೆಯೇ. “ಬಸರಿ ಹೆಂಗಸಿಗೂ ಯಾರೂ ಜಾಗಾ ಕೊಡ್ಲಿಲ್ಲೇನಪ್ಪಾ?” ಎಂದಳು. ಸಣ್ಣವಳು ಹಿಡಿದ ಎಳೆಯನ್ನು ನಾನು ಇಷ್ಟು ವರ್ಷ ಹಿಡಿದಿರಲಿಲ್ಲ.

ಇನ್ನೊಂದು ಸಂಗತಿ. ಗುಡ್ ಫ್ರೈಡೆ ನನಗೆ ಸರಕಾರಿ ರಜೆ, ಮಧ್ಯಾಹ್ನದ ನಿದ್ದೆ. ಆ ಮನೆಯಲ್ಲಿ ಅಂದು ಉಪವಾಸ. ಕೇಕಿಗೆ ಮಾತ್ರ ಪಾಲುದಾರನಾದ ನಾಚಿಕೆಯಿಂದಲೋ ಏನೋ, ಹೋದ ವರ್ಷ ಆ ದಿನ ಅವರ ಕಟ್ಟೆಯ ಮೇಲೆ ಹೋಗಿ ಕುಳಿತೆ. ಗುಡಿಗೆ ಹೋದವರು ಮೂರು ಗಂಟೆ ದಾಟಿದ ಮೇಲೆ ಬಿಸಿಲಿನಲ್ಲಿ ಹಿಂದಿರುಗಿದರು. ಅಜ್ಜಿ ನನ್ನನ್ನು ಕಂಡು, “ಇವತ್ತ ಕೇಕಿಲ್ರೀ ಮಾಸ್ತರ್ರ” ಎಂದು ನಕ್ಕು, ಒಳಗಿನಿಂದ ಒಂದು ತಂಬಿಗೆ ತಣ್ಣೀರು ತಂದಿಟ್ಟರು.