ಮೂರು ಕುದುರೆಯ ಮನೆಗೆ ಎಷ್ಟು ಎಚ್‌ಪಿ ಟ್ರ್ಯಾಕ್ಟರ್ ಬೇಕು?

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನಮ್ಮದು ಹಳೆಯ ಮನೆ. ಮಾವನವರು ಒಂದು ಕಾಲಕ್ಕೆ ಟಾಂಗಾ ಹೊಡೆದವರು. ಟಾಂಗಾ ಹೋಯಿತು, ಆಟೊ ಬಂತು. ಆದರೂ ಅವರು ಕುದುರೆ ಬಿಡಲಿಲ್ಲ. ಮದುವೆ ಮೆರವಣಿಗೆಗೆ ಮೂರು ಕುದುರೆ ಸಾಕಿಕೊಂಡು ಬಂದಿದ್ದಾರೆ. ಓಣಿಯಲ್ಲಿ ಜಾಗ ಸಾಲದೆ ಎರಡು ವರ್ಷದ ಹಿಂದೆ ಲಾಯವನ್ನು ಕುಂದಗೋಳ ದಾರಿಯ ಕಡೆ ಇರುವ ನಮ್ಮ ಮೂರು ಎಕರೆ ಹೊಲಕ್ಕೆ ಸಾಗಿಸಿದೆವು. ಅಲ್ಲಿಂದ ಶುರುವಾಯಿತು ನೋಡಿ ಟ್ರ್ಯಾಕ್ಟರಿನ ಮಾತು.

ಟ್ರ್ಯಾಕ್ಟರ್ ಖರೀದಿ ಅಂದರೆ ಗಂಡಸರ ವಿಷಯ ಅಂತ ನಮ್ಮ ಕಡೆ ಒಂದು ರೂಢಿ. ಆದರೆ ಮನೆಯ ಜಮಾ-ಖರ್ಚಿನ ವಹಿ ನನ್ನ ಕೈಯಲ್ಲಿದೆ. ಕಂತು ಕಟ್ಟುವ ದಿನ ಬಂದಾಗ ಡಬ್ಬಿಯಲ್ಲಿ ದುಡ್ಡು ಹುಡುಕುವವಳು ನಾನೇ. ಹಾಗಾಗಿ ಈ ಸಲ ಲೆಕ್ಕಕ್ಕೆ ನಾನೂ ಕೂತೆ. ಸಣ್ಣ ಹೊಲ, ನಾಲ್ಕು ದನ ಅಥವಾ ಕುದುರೆ ಇಟ್ಟುಕೊಂಡ ಮನೆಗಳಿಗೆ ಈ ಲೆಕ್ಕ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಎಚ್‌ಪಿ ಅಂದರೇನು?

ಮಾವನವರ ಮನಸ್ಸಿನಲ್ಲಿ ಇದ್ದದ್ದು 45 ಎಚ್‌ಪಿ ಟ್ರ್ಯಾಕ್ಟರ್. "ತಗೊಂಡ್ರ ದೊಡ್ಡದ ತಗೋಬೇಕವಾ. ಸಣ್ಣದು ಹೊಲದಾಗ ಆಟಿಗಿ ಸಾಮಾನು ಕಂಡಂಗ ಕಾಣ್ತದ" ಅಂತ ಅವರ ವಾದ. ನಾನು ನಗುತ್ತಾ, "ಮಾವಾರ, ಮೂರು ಎಚ್‌ಪಿ ನಮ್ಮ ಲಾಯದಾಗ ಮೊದಲ ಐತಲ್ರೀ" ಅಂದೆ.

ಮಾತು ತಮಾಷೆಯದ್ದಾದರೂ ಸುಳ್ಳಲ್ಲ. ಎಚ್‌ಪಿ ಅಂದರೆ ಅಶ್ವಶಕ್ತಿ. 18ನೇ ಶತಮಾನದಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಗಿರಾಕಿಗಳಿಗೆ ತಿಳಿಸಲು ಬಳಸಿದ ಅಳತೆ ಅದು. ಒಂದು ಎಚ್‌ಪಿ ಅಂದರೆ ಸುಮಾರು 746 ವ್ಯಾಟ್. ಟ್ರ್ಯಾಕ್ಟರ್ ನೋಡುವಾಗ ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಬಾನೆಟ್ ಮೇಲೆ ಬರೆದದ್ದು ಎಂಜಿನ್ನಿನ ಎಚ್‌ಪಿ. ರೋಟವೇಟರ್ ತಿರುಗಿಸುವ ಹಿಂದಿನ ಶಾಫ್ಟಿಗೆ, ಅಂದರೆ ಪಿಟಿಒಗೆ, ಅದರಲ್ಲಿ ಸಿಗುವುದು ಸುಮಾರು ಶೇ 85 ಮಾತ್ರ. 24 ಎಚ್‌ಪಿ ಅಂದಾಗ ಕೈಗೆ ಬರುವುದು 20ರ ಆಸುಪಾಸು ಅಂದುಕೊಳ್ಳಿ. ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ. ಅದರ ಪರೀಕ್ಷಾ ವರದಿಯಲ್ಲಿ ಪಿಟಿಒ ಶಕ್ತಿ ಮತ್ತು ಡೀಸೆಲ್ ಖರ್ಚು ಎರಡೂ ಇರುತ್ತವೆ. ಮಾರುವವರನ್ನು "ಆ ವರದಿ ತೋರಸ್ರೀ" ಅಂತ ಕೇಳುವುದರಲ್ಲಿ ನಾಚಿಕೆ ಬೇಡ.

ಮೊದಲು ಕೆಲಸದ ಪಟ್ಟಿ, ಆಮೇಲೆ ಟ್ರ್ಯಾಕ್ಟರ್

ಒಂದು ಹಳೆಯ ಡೈರಿ ತೆಗೆದು, ವರ್ಷಕ್ಕೆ ಯಾವ ಕೆಲಸಕ್ಕೆ ಎಷ್ಟು ಗಂಟೆ ಟ್ರ್ಯಾಕ್ಟರ್ ಬೇಕು ಅಂತ ಬರೆದೆವು.

ಮೊದಲನೆಯದು ಲದ್ದಿ. ನಮ್ಮ ಕುದುರೆಗಳು ಒಂದೊಂದು 350 ಕಿಲೊ ಆಸುಪಾಸು ತೂಗುತ್ತವೆ. ದಿನಕ್ಕೆ ಒಂದೊಂದರ ಲದ್ದಿ ಸುಮಾರು 15 ಕಿಲೊ. ಮೂರಕ್ಕೆ 45 ಕಿಲೊ. ವರ್ಷಕ್ಕೆ 16 ಟನ್‌ಗೂ ಹೆಚ್ಚು! ಇದನ್ನು ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಹಾಕಲು 16 ಗಂಟೆ. ಸುತ್ತಲಿನ ಊರುಗಳಿಂದ ಹೊಟ್ಟು, ಒಣಮೇವು ತರಲು 30 ಗಂಟೆ. ಕುದುರೆ ಓಡಿಸುವ ಅಂಗಳ ಗಟ್ಟಿಯಾದರೆ ಅವುಗಳ ಕಾಲಿಗೆ ಪೆಟ್ಟು, ಅದಕ್ಕೆ ವಾರಕ್ಕೊಮ್ಮೆ ಅರ್ಧ ಗಂಟೆ ಹರಗಬೇಕು. ವರ್ಷಕ್ಕೆ 26 ಗಂಟೆ. ಹೊಲದ ಹಗುರ ಕೆಲಸಕ್ಕೆ 20, ಆಳವಾಗಿ ನೇಗಿಲು ಹೊಡೆಯುವ ಭಾರಿ ಕೆಲಸಕ್ಕೆ 6, ಹುಲ್ಲು ಕತ್ತರಿಸುವುದು, ಮಣ್ಣು ಎಳೆಯುವುದು ಮುಂತಾದ ಚಿಲ್ಲರೆ ಕೆಲಸಕ್ಕೆ 12. ಒಟ್ಟು 110 ಗಂಟೆ.

ಟ್ರ್ಯಾಕ್ಟರಿನ ಲಾಭ-ನಷ್ಟ ನೋಡುವವರು ಸಾಮಾನ್ಯವಾಗಿ ವರ್ಷಕ್ಕೆ 1,000 ಗಂಟೆ ದುಡಿಮೆ ಹಿಡಿಯುತ್ತಾರೆ. ನಮ್ಮದು ಅದರ ಒಂಬತ್ತರಲ್ಲಿ ಒಂದು ಪಾಲು. ದೊಡ್ಡ ಟ್ರ್ಯಾಕ್ಟರ್ ತಂದರೆ ವರ್ಷದ ಬಹುಪಾಲು ಅದು ಬೇವಿನ ಮರದ ನೆರಳಿನಲ್ಲಿ ನಿಂತಿರುತ್ತದೆ. ಕಂತು ಮಾತ್ರ ನಿಲ್ಲುವುದಿಲ್ಲ. "ಬ್ಯಾರೆದವರ ಹೊಲಕ್ಕ ಬಾಡಿಗಿ ಹೊಡೀತೇನಿ" ಅಂತ ಅಂದುಕೊಂಡು ದೊಡ್ಡದು ತರುವವರೂ ಇದ್ದಾರೆ. ಅದಕ್ಕೆ ಮನೆಯಲ್ಲಿ ಒಬ್ಬ ಗಟ್ಟಿ ಚಾಲಕ ಬೇಕು. ನಮ್ಮವರು ಅಂಗಡಿ ಬಿಟ್ಟು ಬರುವಂತಿಲ್ಲ, ಮಾವನವರಿಗೆ 68 ದಾಟಿದೆ.

ಬೆಳೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾವು ಒಂದು ಎಕರೆಯಲ್ಲಿ ಕುದುರೆ ಮಸಾಲೆ ಸೊಪ್ಪು ಮತ್ತು ಹುಲ್ಲು ಹಾಕಿದ್ದೇವೆ. ಮಸಾಲೆ ಸೊಪ್ಪು ಒಮ್ಮೆ ಬಿತ್ತಿದರೆ ಮೂರು-ನಾಲ್ಕು ವರ್ಷ ಕೊಯ್ಯಬಹುದು, ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು. ಅಷ್ಟು ಜಾಗಕ್ಕೆ ಪ್ರತಿವರ್ಷ ಉಳುಮೆಯೇ ಬೇಡ. ಮೇವು ಕತ್ತರಿಸುವ ಯಂತ್ರಕ್ಕೂ ಟ್ರ್ಯಾಕ್ಟರ್ ಬೇಡ, ಎರಡು-ಮೂರು ಎಚ್‌ಪಿ ಕರೆಂಟ್ ಮೋಟಾರ್ ಸಾಕು.

ಆಷಾಢದ ಲೆಕ್ಕ

ಮದುವೆ ಕುದುರೆಯ ಆದಾಯ ಸೀಜನ್ನಿನದು. ಮುಹೂರ್ತ ಇದ್ದ ತಿಂಗಳು ದುಡ್ಡು, ಇಲ್ಲದ ತಿಂಗಳು ಖಾಲಿ. ಅತ್ತೆಯವರು ಹೇಳುವಂತೆ, "ಆಷಾಢದಾಗ ಕುದ್ರಿಗೆ ಕೆಲಸ ಇರೂದಿಲ್ಲ, ಹೊಟ್ಟಿ ಮಾತ್ರ ಇರ್ತೈತಿ."

ನಮ್ಮಲ್ಲಿ ಹುರುಳಿ, ಕಡಲೆ, ಬೂಸಾ, ಮೇವು ಸೇರಿ ಒಂದು ಕುದುರೆಗೆ ದಿನಕ್ಕೆ 200 ರೂಪಾಯಿ ಹಿಡಿದರೂ ವರ್ಷಕ್ಕೆ 73,000. ಈಗ ಟ್ರ್ಯಾಕ್ಟರಿನ ಕಡೆ ನೋಡಿ. ಟ್ರೇಲರ್ ಸಮೇತ ಎಂಟು ಲಕ್ಷದ ದೊಡ್ಡ ಟ್ರ್ಯಾಕ್ಟರಿಗೆ ಎರಡು ಲಕ್ಷ ಕೈಯಿಂದ ಹಾಕಿ, ಆರು ಲಕ್ಷ ಸಾಲ ಮಾಡಿದರೆ, ಶೇ 10 ಬಡ್ಡಿಯಲ್ಲಿ ಐದು ವರ್ಷ ತಿಂಗಳಿಗೆ ಸುಮಾರು 12,750. ವರ್ಷಕ್ಕೆ 1,53,000. ಎರಡು ಕುದುರೆ ವರ್ಷವಿಡೀ ತಿನ್ನುವುದಕ್ಕಿಂತ ಹೆಚ್ಚು!

ಈ ಎರಡು ಸಂಖ್ಯೆ ಅಕ್ಕಪಕ್ಕ ಬರೆದು ಮಾವನವರ ಮುಂದೆ ಇಟ್ಟೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂದ್ರ ಟ್ರ್ಯಾಕ್ಟರ್ ಸಂಬಂಧ ಕುದ್ರಿ ಮಾರೂ ಪಾಳಿ ಬರ್ತದಂತೀ?" ಅಂದರು. "ಒಂದು ಸೀಜನ್ ಕೈಕೊಟ್ರ ಬರ್ತದ್ರೀ" ಅಂದೆ. ಕುದುರೆ ಸಾಕಲಿಕ್ಕೆ ಅಂತ ಟ್ರ್ಯಾಕ್ಟರ್ ತಂದು, ಟ್ರ್ಯಾಕ್ಟರಿನ ಕಂತಿಗೆ ಕುದುರೆ ಮಾರುವುದಾದರೆ ಏನು ಬಂತು? ದೊಡ್ಡ ಟ್ರ್ಯಾಕ್ಟರಿನ ಮಾತು ಅಲ್ಲಿಗೆ ಮುಗಿಯಿತು.

ಹಾಗಾದರೆ ಬಾಡಿಗೆ ಸಾಲದೇ?

ಭಾರಿ ಕೆಲಸಕ್ಕೆ ಬಾಡಿಗೆಯೇ ಸರಿ. ನಮ್ಮ ಕಡೆ ಗಂಟೆಗೆ 1,000ದಿಂದ 1,200 ರೂಪಾಯಿ ತೆಗೆದುಕೊಳ್ಳುತ್ತಾರೆ. ರಾಜ್ಯದಲ್ಲಿ 2014-15ರಿಂದ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಶುರುವಾಗಿವೆ, ಅಲ್ಲಿ ಯಂತ್ರಗಳು ಬಾಡಿಗೆಗೆ ಸಿಗುತ್ತವೆ. ಆದರೆ ವಾರಕ್ಕೆ ಅರ್ಧ ಗಂಟೆ ಅಂಗಳ ಹರಗಲಿಕ್ಕೆ, ಒಂದು ಟ್ರೇಲರ್ ಲದ್ದಿ ಎಳೆಯಲಿಕ್ಕೆ ಯಾರು ಬರುತ್ತಾರೆ? ಬಿತ್ತನೆ ಹಂಗಾಮಿನಲ್ಲಂತೂ ಕೇಳುವುದೇ ಬೇಡ. ಪವರ್ ಟಿಲ್ಲರ್ ಅಗ್ಗ, ಆದರೆ ಹೊಲದಲ್ಲಿ ಅದರ ಹಿಂದೆ ನಡೆಯುವುದು ಮಾವನವರ ಮೊಣಕಾಲಿಗೆ ಆಗದ ಮಾತು. ಹಾಗಾಗಿ ಚಿಲ್ಲರೆ ಕೆಲಸಕ್ಕೆ ಸ್ವಂತದ ಸಣ್ಣ ಟ್ರ್ಯಾಕ್ಟರ್, ಆರು ಗಂಟೆಯ ನೇಗಿಲಿಗೆ ಬಾಡಿಗೆ ಅಂತ ತೀರ್ಮಾನವಾಯಿತು.

ಸಣ್ಣದರಲ್ಲಿ ಯಾವುದು?

ಸಣ್ಣ ಟ್ರ್ಯಾಕ್ಟರ್ ಈಗ ಬಹಳ ಬಂದಿವೆ. ನಮ್ಮ ಬೆಂಗಳೂರಿನದೇ ಆದ ವಿಎಸ್‌ಟಿ, ರಾಜಕೋಟದ ಕ್ಯಾಪ್ಟನ್, 15 ಎಚ್‌ಪಿಯ ಮಹೀಂದ್ರಾ ಯುವರಾಜ್ 215, 2021ರಲ್ಲಿ ಬಂದ 11 ಎಚ್‌ಪಿಯ ಸ್ವರಾಜ್ ಕೋಡ್, 24 ಮತ್ತು 27 ಎಚ್‌ಪಿಯ ಕುಬೋಟಾ ನಿಯೋಸ್ಟಾರ್ ಹೀಗೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದರೆ ಹಲವನ್ನು ಒಂದೇ ಕಡೆ ನೋಡಬಹುದು. ಸುಮ್ಮನೆ ನೋಡಬೇಡಿ, ಹತ್ತಿ ಕೂತು ನೋಡಿ. ಕ್ಲಚ್ ಒತ್ತಲಿಕ್ಕೆ ಮನೆಯ ಹಿರಿಯರ ಕಾಲು ಆರಾಮಾಗಿ ನಿಲುಕುತ್ತದೋ ಇಲ್ಲವೋ ಗೊತ್ತಾಗುತ್ತದೆ.

ನಮ್ಮದು ಎರೆಭೂಮಿ. ಮಳೆಯಾದರೆ ಜಿಗಿ ಕೆಸರು, ಬಿಸಿಲಿಗೆ ಕಲ್ಲು. 45 ಎಚ್‌ಪಿ ಟ್ರ್ಯಾಕ್ಟರ್ ಎರಡು ಟನ್ ಆಸುಪಾಸು ತೂಗುತ್ತದೆ, ಸಣ್ಣವು ಹೆಚ್ಚಿನವು ಒಂದು ಟನ್‌ಗಿಂತ ಕಡಿಮೆ. ಹಸಿ ಎರೆಯಲ್ಲಿ ಭಾರದ ಗಾಲಿ ಓಡಾಡಿದರೆ ಮಣ್ಣು ಒತ್ತಿಕೊಂಡು ಬೇರಿಗೆ ತೊಂದರೆ. ಹಗುರ ಒಳ್ಳೆಯದು, ಆದರೆ ಹಗುರದ್ದು ಜಾರುತ್ತದೆ. ಅದಕ್ಕೆ ನಾಲ್ಕೂ ಗಾಲಿಗೆ ಎಳೆತ ಇರುವ ಫೋರ್ ವೀಲ್ ಡ್ರೈವ್ ಬೇಕು. ಮಸಾರಿ ಮಣ್ಣಿನವರಿಗೆ, ಬರೀ ಟ್ರೇಲರ್ ಎಳೆಯುವವರಿಗೆ 15-18 ಎಚ್‌ಪಿಯ ಟೂ ವೀಲ್ ಸಾಕಾದೀತು. ಎರೆಯಲ್ಲಿ ನಾಲ್ಕು ಅಡಿಯ ಸಣ್ಣ ರೋಟವೇಟರ್ ಓಡಿಸಬೇಕೆಂದರೆ 24 ಎಚ್‌ಪಿ ಇದ್ದರೆ ಒಳ್ಳೆಯದು.

ಹೊಸದೋ, ಹಳೆಯದೋ?

ಹೊಸದಕ್ಕೆ ಸರ್ಕಾರದ ಸಹಾಯಧನ ಇದೆ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇ 90 ಅಂತ ಕೇಳಿರುತ್ತೀರಿ. ಆದರೆ ಗರಿಷ್ಠ ಮಿತಿ ಇರುತ್ತದೆ, ಟ್ರ್ಯಾಕ್ಟರಿನ ವಿಷಯದಲ್ಲಿ ಅರ್ಧ ಬೆಲೆ ಬಂದುಬಿಡುತ್ತದೆ ಅಂತ ನಂಬಿ ಸಾಲ ಮಾಡಬೇಡಿ. ಫ್ರೂಟ್ಸ್ ಗುರುತಿನ ಸಂಖ್ಯೆ, ಪಹಣಿ ಹಿಡಿದು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸಿ, ಆಮೇಲೆ ಮುಂಗಡ ಕೊಡಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದರೆ ಹಳೆಯದರದ್ದೂ ಇಳಿಯಬೇಕಲ್ಲ? ಈ ಮಾತು ಹೇಳಿ ಚೌಕಾಶಿ ಮಾಡಿ.

ನಾವು ಕೊಂಡದ್ದು ಐದು ವರ್ಷ ಹಳೆಯದಾದ, 1,400 ಗಂಟೆ ಓಡಿದ, 24 ಎಚ್‌ಪಿಯ ಫೋರ್ ವೀಲ್. ಬೆಲೆ 2,90,000. ಸಣ್ಣ ಹಳೆಯ ಟ್ರೇಲರಿಗೆ 60,000. ಎರಡು ಲಕ್ಷ ಕೈಯಿಂದ ಹೋಯಿತು, ಒಂದೂವರೆ ಲಕ್ಷ ಸಾಲ. ಮೂರು ವರ್ಷ ತಿಂಗಳಿಗೆ 4,900 ಕಂತು. ಆಷಾಢದಲ್ಲೂ ಕಟ್ಟಬಹುದಾದ ಕಂತು.

ಹಳೆಯದು ನೋಡಲು ಮೆಕ್ಯಾನಿಕ್ ಒಬ್ಬರನ್ನು ದುಡ್ಡು ಕೊಟ್ಟು ಕರೆದೊಯ್ದೆವು. ಅವರು ಮಾಡಿದ್ದು ಇಷ್ಟು: ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿದರು. ಹೊಗೆಯ ಬಣ್ಣ ನೋಡಿದರು. ಹಿಂದೆ ಭಾರ ಎತ್ತಿಸಿ ಹತ್ತು ನಿಮಿಷ ಬಿಟ್ಟು, ತಾನಾಗಿ ಇಳಿಯುತ್ತದೋ ಅಂತ ಕಾದರು. ಮುಂದಿನ ಆಕ್ಸಲ್ಲಿನಲ್ಲಿ ಎಣ್ಣೆ ಸೋರಿಕೆ ಹುಡುಕಿದರು. ಗಂಟೆ ಮೀಟರನ್ನೂ ಪೆಡಲ್ ಸವೆತವನ್ನೂ ತಾಳೆ ನೋಡಿದರು. ಕಾಗದ ನೋಡುವುದು ನನ್ನ ಪಾಲಿಗೆ ಬಂತು: ಆರ್‌ಸಿ, ವಿಮೆ, ಹಳೆಯ ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ನಮೂನೆ 35, ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30. ಟ್ರೇಲರಿಗೂ ನೋಂದಣಿ ಬೇಕು, ಮರೆಯಬೇಡಿ.

ಮನೆಯವರ ಕಿವಿಮಾತು

ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಸೆರಗು, ದುಪಟ್ಟಾ, ಧೋತರ ಸಿಕ್ಕಿದರೆ ಬಿಡಿಸಿಕೊಳ್ಳುವಷ್ಟು ಹೊತ್ತೇ ಇರುವುದಿಲ್ಲ. ಶಾಫ್ಟಿನ ಪ್ಲಾಸ್ಟಿಕ್ ಕವಚ ಇಲ್ಲದ ಟ್ರ್ಯಾಕ್ಟರ್ ಬಳಸಬೇಡಿ, ಹಳೆಯದಕ್ಕೆ ಹೊಸ ಕವಚ ಹಾಕಿಸಿ. ಟ್ರೇಲರಿನಲ್ಲಿ ಜನರನ್ನು, ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಬೇಡಿ. ಲದ್ದಿಯಲ್ಲಿ ಧನುರ್ವಾಯುವಿನ ಸೂಕ್ಷ್ಮಾಣು ಇರುತ್ತದೆ. ಕುದುರೆಗೂ ಮನುಷ್ಯರಿಗೂ ಆ ಚುಚ್ಚುಮದ್ದು ತಪ್ಪಿಸಬಾರದು.

ಕುದುರೆಗಳಿಗೆ ಸದ್ದಿನ ರೂಢಿ ಆಗಲಿಕ್ಕೂ ಸಮಯ ಕೊಟ್ಟೆವು. ಮೊದಲ ವಾರ ಎಂಜಿನ್ ಬಂದ್ ಮಾಡಿ ಲಾಯದ ಎದುರು ನಿಲ್ಲಿಸಿದೆವು. ಎರಡನೆಯ ವಾರ ದೂರದಲ್ಲಿ ಚಾಲೂ ಮಾಡಿ, ದಿನಾ ಸ್ವಲ್ಪ ಹತ್ತಿರ ತಂದೆವು. ಮದುವೆಯ ಬ್ಯಾಂಡಿಗೆ ಒಗ್ಗಿದ ಕುದುರೆಗಳು, ಬೇಗ ಹೊಂದಿಕೊಂಡವು.

ಮೊದಲ ವರ್ಷ ಮುಗಿದಿದೆ. ಡೈರಿಯ ಪ್ರಕಾರ ಟ್ರ್ಯಾಕ್ಟರ್ ಓಡಿದ್ದು 96 ಗಂಟೆ, ಕುಡಿದದ್ದು 205 ಲೀಟರ್ ಡೀಸೆಲ್, ಖರ್ಚು ಸುಮಾರು 18,500. ನೇಗಿಲಿನ ಬಾಡಿಗೆ ಬೇರೆ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗಿದೆ, ಮೂರೂ ಕುದುರೆ ಲಾಯದಲ್ಲಿವೆ. ಟ್ರ್ಯಾಕ್ಟರ್ ತರುವ ಯೋಚನೆ ನಿಮ್ಮ ಮನೆಯಲ್ಲೂ ಇದ್ದರೆ ಶೋರೂಮಿಗೆ ಹೋಗುವ ಮೊದಲು ಒಂದು ಡೈರಿ ತೆಗೆಯಿರಿ. ಯಾವ ಕೆಲಸಕ್ಕೆ ಎಷ್ಟು ಗಂಟೆ ಅಂತ ಬರೆದು, ಪಕ್ಕದಲ್ಲಿ ದುಡಿಮೆ ಇಲ್ಲದ ತಿಂಗಳಲ್ಲಿ ಕೈಯಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದನ್ನೂ ಬರೆಯಿರಿ. ಎಷ್ಟು ಎಚ್‌ಪಿ ಅನ್ನುವುದನ್ನು ಆ ಎರಡು ಸಂಖ್ಯೆಗಳೇ ಹೇಳುತ್ತವೆ.