ಪರರ ಪರವಾಗಿ ಬಾಗಿಲು ತಟ್ಟಿದವರು

1981ನೆಯ ಇಸವಿ ನವೆಂಬರ್ 16ರ ತಾರೀಖು ಹೊತ್ತಿದ್ದ ಒಂದು ಕಾಗದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದ ಪಿ. ಎನ್. ಭಗವತಿಯವರ ಕೈಸೇರಿತು. ಅದು ಕ್ರಮಬದ್ಧವಾಗಿ ಹೂಡಿದ ದಾವೆಯಾಗಿರಲಿಲ್ಲ, ಬರಿಯ ಕಾಗದ. ಏಷ್ಯನ್ ಕ್ರೀಡಾಕೂಟಕ್ಕೆಂದು ದೆಹಲಿಯಲ್ಲಿ ಏಳುತ್ತಿದ್ದ ಮೇಲ್ಸೇತುವೆ, ಕ್ರೀಡಾಂಗಣಗಳ ಕೆಲಸಕ್ಕೆ ರಾಜಸ್ಥಾನ, ಉತ್ತರ ಪ್ರದೇಶ, ಒರಿಸ್ಸಾಗಳಿಂದ ಬಂದಿದ್ದ ಕೂಲಿಕಾರರ ಸ್ಥಿತಿಗತಿಗಳನ್ನು ಮೂವರು ಸಮಾಜವಿಜ್ಞಾನಿಗಳು ಸ್ಥಳಕ್ಕೆ ಹೋಗಿ ವಿಚಾರಿಸಿ ಬರೆದ ವರದಿಯನ್ನು ಆಧರಿಸಿ, ಪೀಪಲ್ಸ್ ಯೂನಿಯನ್ ಫಾರ್ ಡೆಮೊಕ್ರಾಟಿಕ್ ರೈಟ್ಸ್ ಎಂಬ ಸಂಘದವರು ಅದನ್ನು ಬರೆದಿದ್ದರು. ಆಗ ನಿಗದಿಯಾಗಿದ್ದ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತಿಗೆದಾರನು ಆ ಹಣವನ್ನು ಕೂಲಿಕಾರನ ಕೈಗೆ ಕೊಡದೆ ಜಮಾದಾರನಿಗೆ, ಎಂದರೆ ನಮ್ಮ ಕಡೆ ಮೇಸ್ತ್ರಿ ಎನಿಸಿಕೊಳ್ಳುವವನಿಗೆ ಕೊಡುತ್ತಿದ್ದನು. ಅವನು ತಲೆಗೆ ಒಂದು ರೂಪಾಯಿಯಂತೆ ಮುರಿದುಕೊಂಡು, ಉಳಿದ 8 ರೂಪಾಯಿ 25 ಪೈಸೆಯನ್ನು ಹಂಚುತ್ತಿದ್ದನು.

ಆ ಒಂದು ರೂಪಾಯಿಯ ವಿಚಾರವಾಗಿ ಭಾರತದ ಅತ್ಯುಚ್ಚ ನ್ಯಾಯಪೀಠವು 1982ರ ಸೆಪ್ಟೆಂಬರ್ 18ರಂದು ಕೊಟ್ಟ ತೀರ್ಪನ್ನು ಓದುವಾಗ ಇಂದಿಗೂ ಮೈ ನವಿರೇಳುತ್ತದೆ. ಕನಿಷ್ಠ ಕೂಲಿಗಿಂತ ಕಡಮೆಗೆ ಒಬ್ಬನು ದುಡಿಯಲು ಒಪ್ಪಿದನೆಂದರೆ ಅವನನ್ನು ಒಪ್ಪಿಸಿದ್ದು ಹಸಿವು. ಹಗ್ಗದಿಂದ ಕಟ್ಟಿ ದುಡಿಸುವುದು ಹೇಗೆ ಬಲಾತ್ಕಾರವೋ ಹಸಿವಿನ ಕೈಯಿಂದ ದುಡಿಸುವುದೂ ಹಾಗೆಯೇ ಬಲಾತ್ಕಾರ. ಆದಕಾರಣ ಅದು ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸಿರತಕ್ಕ ಬಲಾತ್ಕಾರದ ದುಡಿಮೆಯೇ ಸರಿ ಎಂಬುದು ಆ ತೀರ್ಪಿನ ತಿರುಳು. ಕಲ್ಲು ಹೊತ್ತವರು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದವರಲ್ಲ. ಅವರಿಗಾಗಿ ಬೇರೆಯವರು ಹತ್ತಿದರು.

ತತ್ಪೂರ್ವದಲ್ಲಿ ಇದು ಸುಲಭಸಾಧ್ಯವಾಗಿರಲಿಲ್ಲ. ಯಾರಿಗೆ ಅನ್ಯಾಯವಾಗಿದೆಯೋ ಅವನೇ ಬಂದು ದೂರಬೇಕು, ಪರರ ನೋವನ್ನು ಪರರು ಹೇಳಲಾಗದು ಎಂಬುದು ಆಂಗ್ಲ ನ್ಯಾಯಪದ್ಧತಿಯಿಂದ ನಮಗೆ ಬಂದ ನಿಯಮವಾಗಿತ್ತು. ಆಸ್ತಿವಂತರ ವ್ಯಾಜ್ಯಗಳಿಗೆ ಅದು ಒಪ್ಪುವ ನಿಯಮವೇ ಇರಬಹುದು. ಆದರೆ ಅಕ್ಷರವರಿಯದ, ದಿನದ ಕೂಲಿ ತಪ್ಪಿದರೆ ಒಲೆ ಹೊತ್ತದ ಮನುಷ್ಯನಿಗೆ ಅದರ ಅರ್ಥ, ಬಾಗಿಲು ಮುಚ್ಚಿದೆ ಎಂಬುದಷ್ಟೇ. 1979ರಲ್ಲಿ ಬಿಹಾರದ ಸೆರೆಮನೆಗಳ ವಿಚಾರಣಾಧೀನ ಕೈದಿಗಳ ವಿಷಯವಾಗಿ ಪತ್ರಿಕೆಯಲ್ಲಿ ಬಂದ ವರದಿಯನ್ನು ಹಿಡಿದು ವಕೀಲರಾದ ಕಪಿಲಾ ಹಿಂಗೋರಾಣಿಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ತಮ್ಮ ಮೇಲಣ ಆರೋಪಕ್ಕೆ ವಿಧಿಸಬಹುದಾದ ಪರಮಾವಧಿ ಶಿಕ್ಷೆಗಿಂತ ಹೆಚ್ಚು ಕಾಲವನ್ನು ವಿಚಾರಣೆಯೇ ಇಲ್ಲದೆ ಒಳಗೆ ಕಳೆದವರಿದ್ದರೆಂಬುದು ದೇಶಕ್ಕೆ ತಿಳಿಯಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂದು ನಾವೀಗ ಕರೆಯುವ ಪದ್ಧತಿ ಬೇರೂರಿದ್ದು ಆ ಕಾಲದಲ್ಲಿ.

ಹೀಗೆ ಪರರ ಪರವಾಗಿ ನಿಲ್ಲುವ ಸಂಘಗಳ ಹುಟ್ಟಿಗೆ ಇನ್ನೂ ಹಿಂದಿನ ಕಥೆಯುಂಟು. 1936ರಲ್ಲಿಯೇ ಜವಾಹರಲಾಲ್ ನೆಹರೂ ಅವರ ಪ್ರೇರಣೆಯಿಂದ, ರವೀಂದ್ರನಾಥ ಠಾಕೂರರ ಅಧ್ಯಕ್ಷತೆಯಲ್ಲಿ, ಪೌರಸ್ವಾತಂತ್ರ್ಯ ರಕ್ಷಣೆಯ ಒಂದು ಅಖಿಲ ಭಾರತ ಸಂಘ ಸ್ಥಾಪಿತವಾಗಿತ್ತು. ಸ್ವಾತಂತ್ರ್ಯ ಬಂದ ಬಳಿಕ, ಸರ್ಕಾರವೇ ನಮ್ಮದಾದಮೇಲೆ ಅದರಿಂದ ರಕ್ಷಣೆಯೇಕೆಂಬ ಭಾವನೆಯಿಂದಲೋ ಏನೋ, ಆ ದೀಪ ಮಂಕಾಯಿತು. ಮತ್ತೆ ಅದಕ್ಕೆ ಎಣ್ಣೆ ಬಿದ್ದುದು ತುರ್ತುಪರಿಸ್ಥಿತಿಯಲ್ಲಿ. ಆ ಕಥೆಯ ಒಂದು ಅಂಕ ಬೆಂಗಳೂರಿನಲ್ಲಿ ನಡೆಯಿತೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಸಂಸದೀಯ ಸಮಿತಿಯ ಕಾರ್ಯಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರು 1975ರ ಜೂನ್ 26ರಂದು ಇಲ್ಲಿಯೇ ಬಂಧಿತರಾಗಿ ಬೆಂಗಳೂರಿನ ಸೆರೆಮನೆ ಸೇರಿದರು. ಬಂಧನದ ಸಾಧುತ್ವವನ್ನು ಪ್ರಶ್ನಿಸಿದ ಅವರ ಅರ್ಜಿಗಳನ್ನು ವಿಚಾರಿಸಲು ತನಗೆ ಅಧಿಕಾರವುಂಟೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು ಹೇಳಿತು; ಅಂತೆಯೇ ಹೇಳಿದ ಉಚ್ಚ ನ್ಯಾಯಾಲಯಗಳು ಬೇರೆಯೂ ಇದ್ದವು.

ಆದರೆ ಅವೆಲ್ಲದರ ಮೇಲಣ ಮೇಲ್ಮನವಿಯಲ್ಲಿ, 1976ರ ಏಪ್ರಿಲ್ 28ರಂದು, ಸರ್ವೋಚ್ಚ ನ್ಯಾಯಾಲಯವು ನಾಲ್ವರು ಒಂದು ಕಡೆ ಒಬ್ಬರು ಒಂದು ಕಡೆಯಾಗಿ, ತುರ್ತುಪರಿಸ್ಥಿತಿಯಲ್ಲಿ ಬಂಧಿತನಿಗೆ ನ್ಯಾಯಾಲಯದ ಆಸರೆಯಿಲ್ಲವೆಂದು ತೀರ್ಮಾನಿಸಿತು. ಪೊಲೀಸ್ ಅಧಿಕಾರಿಯೊಬ್ಬನು ಸ್ವಂತ ಹಗೆಯಿಂದ ಒಬ್ಬನನ್ನು ಕೊಂದರೆ ಆಗಲೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದಾಗ, ತುರ್ತುಪರಿಸ್ಥಿತಿ ಇರುವ ತನಕ ಇಲ್ಲವೆಂದು ಸರ್ಕಾರದ ಪರವಾಗಿ ಉತ್ತರ ಬಂದಿತ್ತು. ಭಿನ್ನಮತದ ತೀರ್ಪನ್ನು ಬರೆದ ಆ ಒಬ್ಬರು ಖನ್ನಾ ಅವರೇ. ಮುಂದೆ ಮುಖ್ಯ ನ್ಯಾಯಮೂರ್ತಿಯ ಪದವಿ ಅವರನ್ನು ದಾಟಿ ಅವರಿಗಿಂತ ಕಿರಿಯರಿಗೆ ಹೋಯಿತು. ಬಹುಮತದ ಆ ತೀರ್ಪು ಅಧಿಕೃತವಾಗಿ ರದ್ದಾಗಲು 41 ವರ್ಷ ಬೇಕಾಯಿತು. ಅದನ್ನು 2017ರಲ್ಲಿ ರದ್ದುಮಾಡಿಸಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಆ ಕತ್ತಲೆಯ ನಡುವೆಯೇ, 1976ರ ಅಕ್ಟೋಬರಿನಲ್ಲಿ, ಮೂತ್ರಪಿಂಡಗಳು ಕೆಟ್ಟು ಯಂತ್ರದ ನೆರವಿನಿಂದ ದಿನ ನೂಕುತ್ತಿದ್ದ ಜಯಪ್ರಕಾಶ ನಾರಾಯಣರು, ನ್ಯಾಯವಾದಿ ವಿ. ಎಂ. ತಾರ್ಕುಂಡೆಯವರೇ ಮೊದಲಾದವರನ್ನು ಕೂಡಿಸಿಕೊಂಡು, ಪೌರಸ್ವಾತಂತ್ರ್ಯಕ್ಕಾಗಿ ಒಂದು ಸಂಘವನ್ನು ಕಟ್ಟಿದರು. ಎಲ್ಲ ಪಕ್ಷದವರೂ ಯಾವ ಪಕ್ಷಕ್ಕೂ ಸೇರದವರೂ ಈ ಒಂದು ವಿಷಯದಲ್ಲಿ ಒಟ್ಟಾಗಿ ನಿಲ್ಲಬೇಕೆಂಬುದು ಅವರ ಹಂಬಲವಾಗಿತ್ತು. 1980ರಲ್ಲಿ ಪುನರ್ರಚಿತವಾದ ಆ ಸಂಘವೇ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್. ಪತ್ರಿಕೆಗಳಲ್ಲಿ ಪಿಯುಸಿಎಲ್ ಎಂದು ಕಾಣುವುದು ಇದನ್ನೇ. ಏಷ್ಯನ್ ಕ್ರೀಡಾಕೂಟದ ಕೂಲಿಕಾರರಿಗಾಗಿ ಬರೆದ ದೆಹಲಿಯ ಸಂಘ ಇದೇ ಬೇರಿನಿಂದ ಒಡೆದ ಕವಲು. ಸ್ವದೇಶದ್ದಾಗಲಿ ವಿದೇಶದ್ದಾಗಲಿ ಯಾವ ಧನಸಹಾಯ ಸಂಸ್ಥೆಯ ಹಣವನ್ನೂ ಪಡೆಯದೆ, ಸದಸ್ಯರ ವಂತಿಗೆಯಿಂದಲೇ ನಡೆಯುವುದು ಪಿಯುಸಿಎಲ್‌ನ ವ್ರತ. ಸರ್ಕಾರವನ್ನು ಪ್ರಶ್ನಿಸುವವನ ಕೈಯಲ್ಲಿ ಯಾರ ಕಾಸೂ ಇರಬಾರದೆಂಬ ಈ ನಿಷ್ಠುರತೆ ನನಗೆ ಬಹಳ ದೊಡ್ಡದಾಗಿ ತೋರುತ್ತದೆ.

ಇಂತಹ ಸಂಘಗಳ ಕೆಲಸವೆಂದರೆ ನ್ಯಾಯಾಲಯದ ವಾದವಿವಾದ ಮಾತ್ರವೆಂದು ತಿಳಿದವರು 2001ರ ಒಂದು ಮೊಕದ್ದಮೆಯನ್ನು ಮೊದಲಿನಿಂದ ಕಡೆಯವರೆಗೆ ನೋಡಬೇಕು. ಆ ವರ್ಷ ರಾಜಸ್ಥಾನದಲ್ಲಿ ಬರಗಾಲದ ಮೇಲೆ ಬರಗಾಲ. ಹಳ್ಳಿಗಳಲ್ಲಿ ಜನ ಹಸಿದಿದ್ದರು. ಜಯಪುರದ ಹತ್ತಿರದ ಸರ್ಕಾರೀ ಉಗ್ರಾಣದಲ್ಲಿ, ಒಳಗೆ ಜಾಗ ಸಾಲದೆ ಹೊರಗೆ ಒಟ್ಟಿದ್ದ ಧಾನ್ಯದ ಮೂಟೆಗಳು ಮಳೆಗೆ ನೆನೆದು ಮುಗ್ಗುತ್ತಿದ್ದವು. ದೇಶದ ಉಗ್ರಾಣಗಳಲ್ಲೆಲ್ಲ ಸೇರಿ ಆಗ ಸುಮಾರು 5 ಕೋಟಿ ಟನ್ ಧಾನ್ಯವಿತ್ತು. ಧಾನ್ಯವೂ ಉಂಟು, ಹಸಿವೂ ಉಂಟು, ಇವೆರಡರ ನಡುವೆ ಒಂದು ಬೀಗವುಂಟು! ಪಿಯುಸಿಎಲ್‌ನ ರಾಜಸ್ಥಾನ ಶಾಖೆಯವರು ಏಪ್ರಿಲ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಸಲ್ಲಿಸಿ ಕೇಳಿದ್ದು ಸರಳವಾದ ಪ್ರಶ್ನೆಯನ್ನು: ಸಂವಿಧಾನದ 21ನೆಯ ಅನುಚ್ಛೇದವು ಜೀವಿಸುವ ಹಕ್ಕನ್ನು ಕೊಟ್ಟಿರುವಾಗ, ಅನ್ನವಿಲ್ಲದೆ ಜೀವಿಸುವುದು ಹೇಗೆ?

ಆ ವರ್ಷದ ನವೆಂಬರ್ 28ರಂದು ಬಂದ ಮಧ್ಯಂತರ ಆಜ್ಞೆಯು, ಪಡಿತರ, ಅಂಗನವಾಡಿ, ವೃದ್ಧಾಪ್ಯ ವೇತನ ಮೊದಲಾದ ಎಂಟು ಯೋಜನೆಗಳನ್ನು ಕಾನೂನುಬದ್ಧ ಹಕ್ಕುಗಳ ಪದವಿಗೆ ಏರಿಸಿತು. ಅಲ್ಲಿಯ ತನಕ ಸರ್ಕಾರ ಮನಸ್ಸಿದ್ದರೆ ನಡೆಸಬಹುದಾಗಿದ್ದ, ಹಣವಿಲ್ಲವೆಂದು ನಿಲ್ಲಿಸಬಹುದಾಗಿದ್ದ ಕೃಪೆಗಳು ಅವು. ಶಾಲೆಯ ಮಕ್ಕಳ ಮಾತಿಗೆ ಬಂದರೆ, 1995ರಿಂದ ಒಂದು ರಾಷ್ಟ್ರೀಯ ಯೋಜನೆ ಇದ್ದೇ ಇತ್ತು. ಆದರೆ ತಮಿಳುನಾಡಿನಂಥ ಕೆಲವು ರಾಜ್ಯಗಳನ್ನು ಬಿಟ್ಟರೆ, ಉಳಿದೆಡೆ ತಿಂಗಳಿಗೆ 3 ಕಿಲೋ ಧಾನ್ಯವನ್ನು ಮಗುವಿನ ಚೀಲಕ್ಕೆ ಅಳೆದು ಕಳುಹಿಸುತ್ತಿದ್ದರು. ಮನೆಗೆ ಹೋದ ಆ ಧಾನ್ಯ ಮಗುವಿನ ಹೊಟ್ಟೆಗೇ ಹೋಯಿತೆಂದು ಹೇಳುವವರಾರು? ನ್ಯಾಯಾಲಯವು ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ವಿಧಿಸಿ, ಅದರ ಅಳತೆಯನ್ನೂ ಬರೆಯಿತು: ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ ಕನಿಷ್ಠ 200 ದಿನ.

ಆಜ್ಞೆ ಹೊರಟಿತು, ಅನ್ನ ಬೇಯಲಿಲ್ಲ. ಅನೇಕ ರಾಜ್ಯಗಳು ಕಾಲಾವಕಾಶ ಬೇಡಿದವು, ಹಣವಿಲ್ಲವೆಂದವು, ಸುಮ್ಮನಿದ್ದವು. ಕಾಗದದ ಮೇಲಿನ ಹಕ್ಕು ತಟ್ಟೆಯೊಳಗಿನ ತುತ್ತಾಗುವ ದಾರಿ ಎಷ್ಟು ದೀರ್ಘವೆಂಬುದನ್ನು ಅರಿಯಬೇಕಾದರೆ, ಹಳ್ಳಿಹಳ್ಳಿಗೆ ಹೋಗಿ ಎಷ್ಟು ಶಾಲೆಗಳಲ್ಲಿ ಒಲೆ ಉರಿಯುತ್ತಿದೆಯೆಂದು ಎಣಿಸಿ, ಆ ಲೆಕ್ಕವನ್ನು ತಂದು ನ್ಯಾಯಪೀಠದ ಮುಂದಿಟ್ಟ ಕಾರ್ಯಕರ್ತರ ಕಾಲ್ನಡಿಗೆಯನ್ನು ನೆನೆಯಬೇಕು. ತನ್ನ ಆಜ್ಞೆ ಎಲ್ಲೆಲ್ಲಿ ಜಾರಿಯಾಗಿದೆಯೆಂದು ನೋಡಿ ತಿಳಿಸುವುದಕ್ಕೆ ನ್ಯಾಯಾಲಯವು 2002ರಲ್ಲಿ ಎನ್. ಸಿ. ಸಕ್ಸೇನಾ, ಎಸ್. ಆರ್. ಶಂಕರನ್ ಅವರನ್ನು ಆಯುಕ್ತರನ್ನಾಗಿ ನೇಮಿಸಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಪ್ರಾಶಸ್ತ್ಯವಿರಬೇಕೆಂದು 2004ರಲ್ಲಿ ಮತ್ತೊಂದು ಆಜ್ಞೆಯಾಯಿತು. ಯಾರು ಬೇಯಿಸಿದ್ದನ್ನು ಯಾರು ಉಣ್ಣುವರೆಂಬುದೇ ಜಾತಿಯ ಬೇಲಿಯಾಗಿರುವ ನಾಡಿನಲ್ಲಿ, ಆ ಒಂದು ಸಾಲಿನ ತೂಕ ಸಾಮಾನ್ಯವಲ್ಲ.

ಕರ್ನಾಟಕದಲ್ಲಿ ಬೇಯಿಸಿದ ಬಿಸಿಯೂಟ 2002ರಲ್ಲಿ ಬೀದರ, ಕಲಬುರಗಿ, ರಾಯಚೂರು ಮೊದಲಾದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟವರ ಕಲ್ಪನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಶರಣರ ದಾಸೋಹದಲ್ಲಿ ನೀಡುವವನು ತಾನು ದಾನಿಯೆಂದು ಬೀಗುವುದಿಲ್ಲ. ತಾನು ದಾಸನೆಂದು ಬಾಗುತ್ತಾನೆ. ಪ್ರಜೆಯ ಮುಂದೆ ಸರ್ಕಾರ ನಿಲ್ಲಬೇಕಾದ ರೀತಿಯೂ ಅದೇ. ನಡುಹಗಲ ಗಂಟೆ ಬಾರಿಸಿದೊಡನೆ ಮಕ್ಕಳು ಸ್ಟೀಲಿನ ತಟ್ಟೆ ಹಿಡಿದು ಜಗಲಿಯುದ್ದಕ್ಕೂ ಸಾಲಾಗಿ ಕೂರುವುದನ್ನೂ, ಅಡುಗೆಯ ಅಮ್ಮ ಬಕೆಟ್ಟಿನಿಂದ ಹಬೆಯಾಡುವ ಸಾಂಬಾರನ್ನು ಸೌಟಿನಲ್ಲಿ ಎತ್ತಿ ಅನ್ನದ ಗುಳಿಗೆ ಸುರಿಯುವುದನ್ನೂ, ಬೆಳಗ್ಗೆ ಬರಿಯ ಚಹ ಕುಡಿದು ಬಂದ ಮಗು ಎರಡನೆಯ ಸಲಕ್ಕೆ ತಟ್ಟೆ ಚಾಚುವುದನ್ನೂ ನಿಂತು ನೋಡಿದವರಿಗೆ, ರಿಟ್ ಅರ್ಜಿಯೆಂಬ ಒಣ ಶಬ್ದದೊಳಗೆ ಏನಡಗಿದೆಯೆಂದು ಬೇರೆ ಹೇಳಬೇಕಾಗಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಲ್ಲಿ ಈ ಊಟ ಶಾಸನದ ಹಕ್ಕಾಯಿತು. ಮೊಕದ್ದಮೆ ಮುಕ್ತಾಯವಾದದ್ದು 2017ರಲ್ಲಿ, ಹೂಡಿದ ಹದಿನಾರನೆಯ ವರ್ಷಕ್ಕೆ.

ಇದೇ ಬಗೆಯ ಸಂಘಗಳ ಋಣ ನಮ್ಮ ಮೇಲೆ ಇನ್ನೂ ಅನೇಕ ಉಂಟು. ಚುನಾವಣೆಗೆ ನಿಲ್ಲುವವರು ತಮ್ಮ ಆಸ್ತಿಯನ್ನೂ ತಮ್ಮ ಮೇಲಿರುವ ಅಪರಾಧ ಪ್ರಕರಣಗಳನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂಬ ನಿಯಮ, 2002 ಮತ್ತು 2003ರಲ್ಲಿ ಇಂತಹವರು ನಡೆಸಿದ ಮೊಕದ್ದಮೆಗಳ ಫಲ. ಮತಯಂತ್ರದ ಕೊನೆಯಲ್ಲಿರುವ ನೋಟಾ ಗುಂಡಿ 2013ರಲ್ಲಿ ಪಿಯುಸಿಎಲ್ ಗೆದ್ದ ಮೊಕದ್ದಮೆಯದು. ನಮ್ಮಲ್ಲಿಯೇ, ಧಾರವಾಡ ಸೀಮೆಯ ಹಳ್ಳಿಗರ ಗೋಮಾಳಗಳು ನೀಲಗಿರಿ ನೆಡುತೋಪುಗಳಿಗೆ ಹೋಗುತ್ತಿದ್ದಾಗ ಸಮಾಜ ಪರಿವರ್ತನಾ ಸಮುದಾಯದವರೊಡನೆ ಅರ್ಜಿದಾರರಾಗಿ ನಿಂತವರು ಕೋಟ ಶಿವರಾಮ ಕಾರಂತರು. ಅದೇ ಸಮುದಾಯದ ಅರ್ಜಿಯ ಮೇಲೆ 2011ರಲ್ಲಿ ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು.

ಹಿತಾಸಕ್ತಿಯ ಹೆಸರಿನಲ್ಲಿ ಸ್ವಂತ ಆಸಕ್ತಿಯನ್ನು ಸಾಧಿಸುವ ಅರ್ಜಿಗಳೂ ನ್ಯಾಯಾಲಯದಲ್ಲಿ ತುಂಬಿರುವುದು ನಿಜ. ಅಂಥವಕ್ಕೆ ದಂಡ ಹಾಕುವುದು ಯುಕ್ತವೇ. ಆದರೆ ಕಳ್ಳನೊಬ್ಬ ನುಗ್ಗಿದನೆಂದು ಆ ಬಾಗಿಲನ್ನೇ ಮುಚ್ಚಿದರೆ ಹೊರಗೆ ಉಳಿಯುವವರು ಮೊದಲು ಕಲ್ಲು ಹೊತ್ತವರು, ತಟ್ಟೆ ಹಿಡಿದವರು. ಸರ್ಕಾರವನ್ನು ಪ್ರಶ್ನಿಸುವವರನ್ನೆಲ್ಲ ದೇಶದ ಏಳಿಗೆಗೆ ಅಡ್ಡಿಯೆಂದು ಬಗೆಯುವ ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿರುವುದು ನನಗೆ ಅತ್ಯಂತ ದುಃಖದ ಸಂಗತಿ.

ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮೂರ ಸರ್ಕಾರೀ ಶಾಲೆಗೆ ಒಂದು ದಿನ ಊಟದ ಹೊತ್ತಿಗೆ ಹೋಗಿ, ಮಕ್ಕಳ ತಟ್ಟೆಯನ್ನು ನೋಡಿರಿ. ಬೇಳೆಯಿಲ್ಲದೆ ಸಾರು ನೀರಾಗಿದ್ದರೆ, ಯಾವ ಮಗುವನ್ನಾದರೂ ಪಂಕ್ತಿಯಿಂದ ದೂರ ಕೂರಿಸಿದ್ದರೆ, ಮುಖ್ಯೋಪಾಧ್ಯಾಯರಿಗೆ ಹೇಳಿರಿ. ಕೇಳದಿದ್ದರೆ ನಿಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಒಂದು ಕಾಗದ ಬರೆಯಿರಿ.